ದೇಶದ ಎಲೆಗೆ ಬಡಿಸಿದವರು ಯಾರು?

(ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತು ಹತ್ತಿರ ಬಂದಿರುವಾಗ ಊಟದ ಬಗ್ಗೆಯೇ ಮಾತಾಡಿ ಅಂದಿದ್ದೀರಿ. ನಿಮ್ಮ ಧೈರ್ಯ ದೊಡ್ಡದು.

2017ರ ನವೆಂಬರ್‌ನಲ್ಲಿ ಒಂದು ಸುದ್ದಿ ಹರಿದಾಡಿತ್ತು. ಕಿಚಡಿಯನ್ನು ಭಾರತದ ರಾಷ್ಟ್ರೀಯ ಖಾದ್ಯ ಅಂತ ಘೋಷಿಸುತ್ತಾರಂತೆ ಎಂದು. ದೆಹಲಿಯಲ್ಲಿ ‘ವರ್ಲ್ಡ್ ಫುಡ್ ಇಂಡಿಯಾ’ ಮೇಳ ನಡೆಯುತ್ತಿತ್ತು. ಬಾಣಸಿಗ ಸಂಜೀವ್ ಕಪೂರ್ ಮುಂದೆ ನಿಂತು 918 ಕಿಲೋ ಕಿಚಡಿ ಮಾಡಿಸಿದರು, ಗಿನ್ನೆಸ್ ದಾಖಲೆಯೂ ಆಯಿತು. ಆದರೆ ಕಿಚಡಿ ಬೇಯುವುದಕ್ಕೆ ಮುಂಚೆಯೇ ದೇಶದಲ್ಲಿ ಜಗಳ ಕುದಿಯತೊಡಗಿತ್ತು. ಬಿರಿಯಾನಿ ಯಾಕಾಗಬಾರದು ಅಂತ ಒಬ್ಬರು, ದೋಸೆ ಏನು ಪಾಪ ಮಾಡಿದೆ ಅಂತ ಇನ್ನೊಬ್ಬರು. ಜ್ವರ ಬಂದಾಗ ತಿನ್ನುವುದನ್ನು ದೇಶದ ತಲೆ ಮೇಲೆ ಕೂರಿಸುತ್ತೀರಾ ಅಂತ ಮತ್ತೊಬ್ಬರು. ಕೊನೆಗೆ ಆಹಾರ ಸಂಸ್ಕರಣಾ ಖಾತೆಯ ಸಚಿವೆ ಹರ್‌ಸಿಮ್ರತ್ ಕೌರ್ ಬಾದಲ್ ಅವರೇ ಟ್ವೀಟ್ ಮಾಡಬೇಕಾಯಿತು. ಇದು ದಾಖಲೆಗೆ ಮಾತ್ರ, ರಾಷ್ಟ್ರೀಯ ಖಾದ್ಯ ಗೀದ್ಯ ಏನೂ ಇಲ್ಲ ಎಂದು.

ನಮಗೆ ರಾಷ್ಟ್ರಪಕ್ಷಿ ಇದೆ, ರಾಷ್ಟ್ರಪ್ರಾಣಿ ಇದೆ. ಅವುಗಳ ಬಗ್ಗೆ ಯಾರೂ ಹೀಗೆ ಹೊಡೆದಾಡುವುದಿಲ್ಲ. ನವಿಲನ್ನು ನಾವು ದಿನಾ ಮುಟ್ಟುವುದಿಲ್ಲವಲ್ಲ, ಅದಕ್ಕೆ. ಊಟ ಹಾಗಲ್ಲ. ಅದರಲ್ಲಿ ಜಾತಿ ಇದೆ, ಊರು ಇದೆ, ಅಮ್ಮನ ಕೈ ಇದೆ, ಬಡತನವೂ ಇದೆ. ಅಂಥದ್ದರಲ್ಲಿ ಒಂದನ್ನು ಆರಿಸಿ ‘ಇದು ನಮ್ಮೆಲ್ಲರದು’ ಅನ್ನಲು ಕೆಲವು ದೇಶಗಳಿಗೆ ಹೇಗೆ ಸಾಧ್ಯವಾಯಿತು? ಇವತ್ತು ನಾನು ಕೆದಕಲು ಹೊರಟಿರುವುದು ಇಷ್ಟನ್ನೇ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಕೊನೆಯಲ್ಲಿ ಜಗಳ ಆಡಬಹುದು. ರಾಷ್ಟ್ರೀಯ ಖಾದ್ಯ ಅಂದ ಕೂಡಲೇ ‘ಎಷ್ಟು ಸಾವಿರ ವರ್ಷದ್ದು’ ಅಂತ ಕೇಳುವ ಅಭ್ಯಾಸ ನಮಗಿದೆ. ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದದ್ದು ಬೇರೆ: ಅದನ್ನು ದೇಶದ್ದು ಅಂತ ಕರೆದ ದಿನ ಯಾವುದು, ಆ ದಿನ ಅದು ಯಾರಿಗೆ ಬೇಕಾಗಿತ್ತು?

ಥಾಯ್ಲೆಂಡಿನಿಂದ ಶುರು ಮಾಡೋಣ. ಪಟ್ ಥಾಯ್ ತಿಂದವರು ಇಲ್ಲಿ ಯಾರಾದರೂ ಇದ್ದೀರಾ? ಪರವಾಗಿಲ್ಲ, ಹಿಂದಿನ ಸಾಲಿನಲ್ಲಿ ಸುಮಾರು ಕೈ ಕಾಣುತ್ತಿವೆ. ತಿನ್ನದವರಿಗೆ ಹೇಳುತ್ತೇನೆ. ಅಗಲವಾದ ಅಕ್ಕಿ ಶಾವಿಗೆಯನ್ನು ನೀರಲ್ಲಿ ನೆನೆಸಿಟ್ಟಿರುತ್ತಾರೆ. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಎಣ್ಣೆಗೆ ಸಣ್ಣ ಈರುಳ್ಳಿ, ತೋಫು ತುಂಡು, ಒಣ ಸೀಗಡಿ ಬೀಳುತ್ತವೆ. ಆಮೇಲೆ ಶಾವಿಗೆ. ಅದರ ಮೇಲೆ ಹುಣಸೆ ರಸ, ತಾಳೆ ಬೆಲ್ಲ, ಮೀನಿನಿಂದ ಇಳಿಸಿದ ಉಪ್ಪು ದ್ರವ. ಎಲ್ಲವನ್ನೂ ಬಾಣಲೆಯ ಒಂದು ಪಕ್ಕಕ್ಕೆ ತಳ್ಳಿ, ಖಾಲಿಯಾದ ಜಾಗದಲ್ಲಿ ಮೊಟ್ಟೆ ಒಡೆಯುತ್ತಾರೆ. ಮೊಟ್ಟೆ ಅರೆಬೆಂದಾಗ ಶಾವಿಗೆಯನ್ನು ಅದರ ಮೇಲೆ ಎಳೆದುಕೊಳ್ಳುತ್ತಾರೆ. ಕೊನೆಗೆ ಉದ್ದ ಮೊಳಕೆ ಬಂದ ಹೆಸರುಕಾಳು, ಕುಟ್ಟಿದ ಕಡಲೆಕಾಯಿ, ಒಣಮೆಣಸಿನ ಪುಡಿ, ಪಕ್ಕದಲ್ಲಿ ನಿಂಬೆ ಹೋಳು. ಸೀಗಡಿ, ಮೊಟ್ಟೆ ಬದಿಗಿಟ್ಟು ನೋಡಿದರೆ ಹುಣಸೆ, ಬೆಲ್ಲ, ಕಡಲೆಕಾಯಿ, ಖಾರ: ನಮ್ಮ ಪುಳಿಯೋಗರೆ ಗೊಜ್ಜಿನ ಸಾಮಾನೇ. ಅದಕ್ಕೇ ನಮ್ಮವರು ಬ್ಯಾಂಕಾಕಿಗೆ ಹೋದರೆ ಮೊದಲು ಇದಕ್ಕೇ ಕೈ ಹಾಕುತ್ತಾರೆ.

ಇದನ್ನು ನೋಡಿದರೆ ಶತಮಾನಗಳಿಂದ ಬಂದದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಥಾಯ್ಲೆಂಡ್ ಎಂಬ ಹೆಸರೇ 1939ರದ್ದು. ಅಲ್ಲಿಯವರೆಗೆ ಅದು ಸಯಾಮ್. 1932ರಲ್ಲಿ ಕ್ರಾಂತಿಯಾಗಿ ರಾಜನ ನಿರಂಕುಶ ಆಳ್ವಿಕೆ ಮುಗಿಯಿತು. 1938ರ ಕೊನೆಗೆ ಫಿಬುನ್ ಸೊಂಗ್‌ಕ್ರಾಮ್ ಎಂಬ ಸೇನಾಧಿಕಾರಿ ಪ್ರಧಾನಿಯಾದ. ಫ್ರಾನ್ಸಿನಲ್ಲಿ ಫಿರಂಗಿ ವಿದ್ಯೆ ಕಲಿತು ಬಂದವನು. ರಾಜನ ಹೆಸರಲ್ಲಿ ಒಂದಾಗಿದ್ದ ಜನರನ್ನು ಈಗ ದೇಶದ ಹೆಸರಲ್ಲಿ ಒಂದು ಮಾಡಬೇಕಿತ್ತು. ಮಾಡುವುದು ಹೇಗೆ? ಆಜ್ಞೆ ಹೊರಡಿಸಿ. 1939ರಿಂದ 1942ರವರೆಗೆ ಅವನ ಸರ್ಕಾರ ಹನ್ನೆರಡು ಸಾಂಸ್ಕೃತಿಕ ಕಟ್ಟಳೆಗಳನ್ನು ತಂದಿತು. ದೇಶದ ಹೆಸರು ಏನು, ಯಾವ ಭಾಷೆ ಆಡಬೇಕು, ಯಾವ ಬಟ್ಟೆ ತೊಡಬೇಕು, ಬಾವುಟಕ್ಕೆ ಯಾವಾಗ ಎದ್ದು ನಿಲ್ಲಬೇಕು, ಎಲ್ಲವೂ. ಮನೆಯಿಂದ ಹೊರಟರೆ ತಲೆಗೆ ಹ್ಯಾಟು ಇರಬೇಕು ಅಂತಲೂ ಬಂತು. ಎಲೆ ಅಡಿಕೆ ಜಗಿಯುವುದಕ್ಕೂ ನಿಷೇಧ ಬಿತ್ತು! ನಮ್ಮ ತೀರ್ಥಹಳ್ಳಿ, ಶಿರಸಿ ಕಡೆಯವರು ಈ ಒಂದು ವಾಕ್ಯಕ್ಕೇ ಅವನನ್ನು ಕ್ಷಮಿಸಲಾರರು.

ಊಟಕ್ಕೂ ಅವನ ಕೈ ಬಂತು. ಯುದ್ಧದ ಕಾಲ. 1942ರಲ್ಲಿ ಬ್ಯಾಂಕಾಕಿಗೆ ದೊಡ್ಡ ನೆರೆ ಬೇರೆ ಬಂತು. ಎಲ್ಲರೂ ಶಾವಿಗೆ ತಿನ್ನಿ ಅಂತ ಪ್ರಧಾನಿಯೇ ಕರೆ ಕೊಟ್ಟ. ಜತೆಗೆ ಒಂದು ಲೆಕ್ಕವನ್ನೂ ಹೇಳಿದ. ದೇಶದಲ್ಲಿ 1.8 ಕೋಟಿ ಜನ. ಒಬ್ಬೊಬ್ಬರೂ ದಿನಕ್ಕೆ ಐದು ಸತಾಂಗ್ (ನೂರು ಸತಾಂಗ್ ಸೇರಿದರೆ ಅಲ್ಲಿನ ಒಂದು ಬಾತ್) ಕೊಟ್ಟು ಒಂದು ಬಟ್ಟಲು ತಿಂದರೆ ದಿನವೊಂದಕ್ಕೆ 9 ಲಕ್ಷ ಬಾತ್ ಕೈಯಿಂದ ಕೈಗೆ ಓಡಾಡುತ್ತದೆ. ರೈತನಿಗೂ ಬರುತ್ತದೆ, ಸೀಗಡಿ ಹಿಡಿಯುವವನಿಗೂ ಬರುತ್ತದೆ. ಒಬ್ಬ ಪ್ರಧಾನಿ ಬಟ್ಟಲು ಲೆಕ್ಕದಲ್ಲಿ ಬಜೆಟ್ ಮಂಡಿಸಿದ್ದು ಬೇರೆಲ್ಲೂ ನಾನು ಕೇಳಿಲ್ಲ. ಶಾವಿಗೆ ಅಡುಗೆ ಮಾಡುವ ವಿಧಾನವನ್ನು ಸರ್ಕಾರವೇ ಹಂಚಿತು. ಬೀದಿಯಲ್ಲಿ ಗಾಡಿ ಇಟ್ಟುಕೊಂಡು ಮಾರಿ ಅಂತ ಹುರಿದುಂಬಿಸಿತು. ಮನೆ ಹಿತ್ತಲಲ್ಲಿ ಹೆಸರುಕಾಳು ಮೊಳಕೆ ಬರಿಸಿ ಅಂತಲೂ ಹೇಳಿತು.

ಇದರೊಳಗೆ ಒಂದು ಕಟಕಿ ಇದೆ. ಶಾವಿಗೆ, ತೋಫು, ದೊಡ್ಡ ಉರಿಯ ಬಾಣಲೆ, ಇವೆಲ್ಲ ಚೀನೀ ವಲಸೆಗಾರರ ಜತೆ ಬಂದವು. ಬೀದಿಯಲ್ಲಿ ಶಾವಿಗೆ ಮಾರುತ್ತಿದ್ದವರೂ ಬಹುತೇಕ ಅವರೇ. ಅದೇ ಕಾಲಕ್ಕೆ ಫಿಬುನ್ ಸರ್ಕಾರ ಚೀನೀ ಶಾಲೆಗಳನ್ನು ಮುಚ್ಚಿಸುತ್ತಿತ್ತು. ಕೆಲವು ಕಸುಬುಗಳನ್ನು ಥಾಯ್ ಜನರಿಗೆ ಮಾತ್ರ ಮೀಸಲಿಡುತ್ತಿತ್ತು. ಅಂದರೆ ಚೀನೀಯರು ಬೇಡ, ಅವರ ಶಾವಿಗೆ ಬೇಕು. ಅದಕ್ಕೆ ಹುಣಸೆಹಣ್ಣು, ತಾಳೆ ಬೆಲ್ಲ ಹಾಕಿ, ಹೆಸರಿನ ಕೊನೆಗೆ ‘ಥಾಯ್’ ಅಂತ ಅಂಟಿಸಿದರೆ ಆಯಿತು. ಇನ್ನು ಮೆಣಸಿನಕಾಯಿ, ಕಡಲೆಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಅವಕ್ಕೆ ಯಾರೂ ಪೌರತ್ವ ಕೇಳಲಿಲ್ಲ.

ಫಿಬುನ್‌ನನ್ನು 1957ರಲ್ಲಿ ಸೇನೆಯೇ ಕೆಳಗಿಳಿಸಿತು. ದೇಶ ಬಿಟ್ಟು ಹೋದವನು 1964ರಲ್ಲಿ ಜಪಾನಿನಲ್ಲಿ ತೀರಿಕೊಂಡ. ಹ್ಯಾಟಿನ ಕಾನೂನು ಅವನಿಗಿಂತ ಮುಂಚೆಯೇ ಸತ್ತಿತ್ತು. ಶಾವಿಗೆ ಉಳಿಯಿತು. 2002ರಲ್ಲಿ ಥಾಯ್ ಸರ್ಕಾರ ಮತ್ತೆ ಅದೇ ದಾರಿ ಹಿಡಿಯಿತು, ಈ ಸಲ ಹೊರದೇಶದವರಿಗಾಗಿ. ಲೋಕದ ಎಲ್ಲ ಕಡೆ ಥಾಯ್ ಹೋಟೆಲ್ ಹೆಚ್ಚಿಸುವ ಯೋಜನೆ ಹಾಕಿ, ಅಡುಗೆಯವರಿಗೆ ತರಬೇತಿ, ಹೋಟೆಲ್ ತೆರೆಯುವವರಿಗೆ ನೆರವು ಕೊಟ್ಟಿತು. ಇವತ್ತು ಯಾವ ದೊಡ್ಡ ಊರಿಗೆ ಹೋದರೂ ಒಂದು ಥಾಯ್ ಹೋಟೆಲ್ ಸಿಗುತ್ತದಲ್ಲ, ಅದರ ಹಿಂದೆ ಇಂಥ ಸರ್ಕಾರಿ ಕಡತಗಳೂ ಇವೆ. ಬ್ಯಾಂಕಾಕಿನ ಆಫೀಸಿನವರು ಮಧ್ಯಾಹ್ನ ಜಾಸ್ತಿ ತಿನ್ನುವುದು ಮಾತ್ರ ಬೇರೆ, ಪಟ್ ಕಫ್ರಾವ್. ಮಾಂಸವನ್ನು ಒಂದು ಎಲೆ ಹಾಕಿ ಹುರಿದು ಅನ್ನದ ಮೇಲೆ ಸುರಿದು ಕೊಡುತ್ತಾರೆ. ಆ ಎಲೆ ಯಾವುದು ಗೊತ್ತಾ? ನಮ್ಮ ತುಳಸಿ. ನಮ್ಮಜ್ಜಿಯ ಕಾಲದವರ ಮುಂದೆ ಹೇಳುವ ಹಾಗಿಲ್ಲ.

ಅದೇ ಯುದ್ಧದ ಬಿಸಿ ಬೆಂಗಳೂರಿಗೂ ತಟ್ಟಿತ್ತು. 1942ರಲ್ಲಿ ಬರ್ಮಾ ಜಪಾನಿನ ವಶವಾದ ಮೇಲೆ ಭಾರತಕ್ಕೆ ಬರ್ಮಾ ಅಕ್ಕಿ ನಿಂತುಹೋಯಿತು. ಅಕ್ಕಿಗೆ ಪರದಾಟ. ಎಂಟಿಆರ್‌ನವರು ಹೇಳಿಕೊಳ್ಳುವ ಪ್ರಕಾರ ಆಗಲೇ ಅವರು ಅಕ್ಕಿ ಬಿಟ್ಟು ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು. ಅಲ್ಲೂ ಯುದ್ಧ, ಇಲ್ಲೂ ಯುದ್ಧ. ಅಲ್ಲೊಂದು ತಿಂಡಿ, ಇಲ್ಲೊಂದು ತಿಂಡಿ. ಅದು ದೇಶದ ಗುರುತಾಯಿತು. ಇದು ಸುಮ್ನೆ ಒಂದು ಒಳ್ಳೆ ತಿಂಡಿಯಾಗಿ ಸಾಗುವಿನ ಜತೆ ಕೂತಿದೆ. ರುಚಿಯಲ್ಲಿ ಏನು ಕಮ್ಮಿ ಹೇಳಿ? ಆದರೆ ರವೆ ಇಡ್ಲಿಗೆ ಒಬ್ಬ ಫಿಬುನ್ ಸಿಗಲಿಲ್ಲ. ಸಿಗದೇ ಇದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ.

ಈಗ ಇದಕ್ಕೆ ತೀರ ತದ್ವಿರುದ್ಧವಾದ ಇನ್ನೊಂದು ಕತೆ. ಯಾವ ಪ್ರಧಾನಿಯೂ ಕರೆ ಕೊಡದೆ, ಯಾರೂ ಚೀಟಿ ಹಂಚದೆ ದೇಶದ್ದಾದ ಅಡುಗೆ. ಕೆರಿಬಿಯನ್ ಸಮುದ್ರದ ಹೈಟಿ ದೇಶದ್ದು. ಹೆಸರು ಸೂಪ್ ಜುಮು, ಅಂದರೆ ಕುಂಬಳಕಾಯಿ ಸಾರು.

ಹೈಟಿ ಒಂದು ಕಾಲಕ್ಕೆ ಫ್ರಾನ್ಸಿನ ವಸಾಹತು. ಆಗಿನ ಹೆಸರು ಸೇಂಟ್ ಡೊಮಿಂಗ್. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಂದ ಕಬ್ಬು, ಕಾಫಿ ಬೆಳೆಸಿ ಫ್ರಾನ್ಸ್ ಕೊಬ್ಬಿತು. 1791ರಲ್ಲಿ ಗುಲಾಮರು ದಂಗೆ ಎದ್ದರು. ಹನ್ನೆರಡು ವರ್ಷ ಕಾದಾಡಿ ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿದರು. 1804ರ ಜನವರಿ 1ರಂದು ಗೊನಾಯಿವ್ ಎಂಬ ಊರಿನಲ್ಲಿ ಜಾನ್ ಜಾಕ್ ದೆಸಲೀನ್ ಸ್ವಾತಂತ್ರ್ಯ ಸಾರಿದ. ಗುಲಾಮರೇ ಎದ್ದು ಗೆದ್ದು ಕಟ್ಟಿದ ದೇಶ ಅದು.

ಅಲ್ಲಿನ ಜನ ಹೇಳುವ ಕತೆ ಹೀಗಿದೆ. ಕುಂಬಳಕಾಯಿ ಬೆಳೆಯುತ್ತಿದ್ದವರು ಗುಲಾಮರು, ಸಾರು ಕುದಿಸುತ್ತಿದ್ದವರೂ ಗುಲಾಮರು. ತಿನ್ನುತ್ತಿದ್ದವರು ಮಾತ್ರ ಒಡೆಯರು. ಮಾಡಿದವರು ಅದನ್ನು ಬಾಯಿಗಿಡುವ ಹಾಗಿರಲಿಲ್ಲ. ಸ್ವಾತಂತ್ರ್ಯ ಬಂದ ದಿನ ಎಲ್ಲರೂ ಅದನ್ನೇ ಮಾಡಿ ಎಲ್ಲರೂ ಅದನ್ನೇ ತಿಂದರು. ಎಲ್ಲರಿಗೂ ಹಂಚಲು ಹೇಳಿದವಳು ದೆಸಲೀನ್‌ನ ಹೆಂಡತಿ ಮಾರಿ ಕ್ಲೇರ್ ಅಂತಲೂ ಹೇಳುತ್ತಾರೆ. ಅಂದಿನಿಂದ ಪ್ರತಿ ಜನವರಿ 1ರ ಬೆಳಗ್ಗೆ ಹೈಟಿಯವರ ಮನೆಯಲ್ಲಿ ಈ ಸಾರು ಇರಲೇಬೇಕು. ಮಯಾಮಿ, ಮಾಂಟ್ರಿಯಲ್‌ಗೆ ವಲಸೆ ಹೋದವರೂ ಬಿಟ್ಟಿಲ್ಲ.

ಹಿಂದಿನ ದಿನವೇ ಕೆಲಸ ಶುರುವಾಗುತ್ತದೆ. ದನದ ಮಾಂಸವನ್ನು ನಿಂಬೆಹಣ್ಣಿನಿಂದ ತಿಕ್ಕಿ ತೊಳೆದು, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಥೈಮ್ ಸೊಪ್ಪು ಅರೆದ ಮಸಾಲೆ ಸವರಿ ಇಡುತ್ತಾರೆ. ಕುಂಬಳಕಾಯಿಯನ್ನು ಬೇಯಿಸಿ ನುಣ್ಣಗೆ ಅರೆಯುತ್ತಾರೆ. ಅದೇ ಸಾರಿನ ಬಣ್ಣ, ಅದೇ ಮಂದ. ಕ್ಯಾರೆಟ್, ಎಲೆಕೋಸು, ಆಲೂಗಡ್ಡೆ, ನಮ್ಮ ಕೆಸುವಿನ ಗಡ್ಡೆಯ ಜಾತಿಯ ಒಂದು ಗಡ್ಡೆ, ಕೆಲವು ಮನೆಗಳಲ್ಲಿ ಬಾಳೆಕಾಯಿ. ಕೊನೆಗೆ ಒಂದು ಹಿಡಿ ಮ್ಯಾಕರೋನಿ. ತುಂಬಾ ಖಾರದ ಒಂದು ಗುಂಡು ಮೆಣಸಿನಕಾಯಿಯನ್ನು ಇಡಿಯಾಗಿ ತೇಲಿಬಿಡುತ್ತಾರೆ. ಅದು ಒಡೆಯಬಾರದು. ಒಡೆದರೆ ಆ ವರ್ಷದ ಸಾರು ಯಾರೂ ಬಾಯಿಗಿಡುವ ಹಾಗಿಲ್ಲ. ಆದ್ದರಿಂದ ಸೌಟು ಹಿಡಿಯುವವರು ಯಾವಾಗಲೂ ಮನೆಯ ಹಿರಿಯರು. ಕುದಿಯುವುದು ಸಣ್ಣ ಪಾತ್ರೆಯಲ್ಲಲ್ಲ. ಅಕ್ಕಪಕ್ಕದ ಮನೆಗೆ ಕಳಿಸಬೇಕು, ಬಾಗಿಲಿಗೆ ಬಂದವರಿಗೂ ಕೊಡಬೇಕು.

ಈ ಸ್ವಾತಂತ್ರ್ಯಕ್ಕೆ ಹೈಟಿ ಕೊಟ್ಟ ಬೆಲೆಯನ್ನೂ ಹೇಳಲೇಬೇಕು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಕೇಳಿತು. ಯಾಕೆ? ನಿಮ್ಮಿಂದಾಗಿ ನಮ್ಮ ತೋಟದ ಮಾಲೀಕರು ಆಸ್ತಿ ಕಳೆದುಕೊಂಡರು ಅಂತ. ಆ ಆಸ್ತಿಯಲ್ಲಿ ಈ ಜನರೂ ಸೇರಿದ್ದರು! 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ಕಟ್ಟಲು ಮಾಡಿದ ಸಾಲ ಇಪ್ಪತ್ತನೇ ಶತಮಾನದವರೆಗೂ ಬೆನ್ನು ಬಿಡಲಿಲ್ಲ. 2021 ಆ ದೇಶದ ಪಾಲಿಗೆ ಕೆಟ್ಟ ವರ್ಷ. ಜುಲೈನಲ್ಲಿ ಅಧ್ಯಕ್ಷರ ಕೊಲೆಯಾಯಿತು, ಆಗಸ್ಟ್‌ನಲ್ಲಿ ಭೂಕಂಪ. ಅದೇ ವರ್ಷದ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಈ ಸಾರನ್ನು ಸೇರಿಸಿತು. ಆ ಪಟ್ಟಿಯಲ್ಲಿ ಹೈಟಿಯ ಹೆಸರು ಬಂದದ್ದು ಅದೇ ಮೊದಲು.

ಪಟ್ ಥಾಯ್, ಸೂಪ್ ಜುಮು, ಎರಡೂ ದೇಶದ ಅಡುಗೆಗಳೇ. ಒಂದು ಮೇಲಿನಿಂದ ಇಳಿಯಿತು, ಇನ್ನೊಂದು ಕೆಳಗಿನಿಂದ ಏರಿತು. ಇನ್ನೊಂದು ಸೂಕ್ಷ್ಮ ನೋಡಿ. ಜುಮು ಸಾರೂ ಶುದ್ಧ ಸ್ಥಳೀಯ ಅಲ್ಲ. ಒಡೆಯರ ಊಟದ ಮೇಜಿನದು, ಕೋಸು, ಕ್ಯಾರೆಟ್ ಯುರೋಪಿನವು, ಮ್ಯಾಕರೋನಿಯಂತೂ ಆಮೇಲೆ ಸೇರಿದ್ದು. ಆದರೂ ಅದನ್ನು ಹೈಟಿಯದಲ್ಲ ಅನ್ನುವ ಧೈರ್ಯ ಯಾರಿಗಿದೆ?

ಕೊರಿಯಾದ ಕಿಮ್ಚಿ ಕಡೆ ಸ್ವಲ್ಪ ಬೇಗ ಹೋಗಿಬರುತ್ತೇನೆ. ಎಲೆಕೋಸಿನ ಜಾತಿಯ ಉದ್ದ ಕೋಸನ್ನು ಉಪ್ಪಲ್ಲಿ ನೆನೆಸಿ, ಎಲೆ ಎಲೆಗೂ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಉಪ್ಪು ಸೀಗಡಿ ಸವರಿ ಹುಳಿ ಬರಿಸುತ್ತಾರೆ. ಕೊರಿಯಾದವರು ಅದನ್ನು ಎಲ್ಲಿಗೆಲ್ಲ ಹೊತ್ತೊಯ್ದಿದ್ದಾರೆ ಅಂದರೆ, ವಿಯೆಟ್ನಾಂ ಯುದ್ಧದಲ್ಲಿದ್ದ ತಮ್ಮ ಸೈನಿಕರಿಗೆ ಕಿಮ್ಚಿ ಸಿಗಬೇಕು ಅಂತ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅಮೆರಿಕದ ಅಧ್ಯಕ್ಷ ಜಾನ್ಸನ್‌ಗೆ ಪತ್ರ ಬರೆದಿದ್ದರು. 2008ರಲ್ಲಿ ಅವರ ಮೊದಲ ಗಗನಯಾತ್ರಿ ಯಿ ಸೋ ಯೊನ್ ಬಾಹ್ಯಾಕಾಶಕ್ಕೂ ಒಯ್ದರು. 2010ರಲ್ಲಿ ಕೋಸಿನ ಬೆಲೆ ಗಗನಕ್ಕೇರಿತು. ಆಗಿನ ಅಧ್ಯಕ್ಷ ಲೀ ಮ್ಯುಂಗ್ ಬಾಕ್, ನನ್ನ ಊಟಕ್ಕೆ ಆ ಕೋಸು ಬೇಡ, ಸಾಮಾನ್ಯ ಗುಂಡು ಎಲೆಕೋಸಿನ ಕಿಮ್ಚಿ ಹಾಕಿ ಅಂದರು. ಜನ ಮೆಚ್ಚುತ್ತಾರೆ ಅಂದುಕೊಂಡಿರಬೇಕು. ಗುಂಡು ಕೋಸಿನ ಬೆಲೆಯೂ ಅಷ್ಟೇ ಏರಿದೆ, ನಿಮಗೆ ಸಂತೆ ಗೊತ್ತಿಲ್ಲ ಅಂತ ಜನ ಉಗಿದರು. ಈರುಳ್ಳಿ ಬೆಲೆ ಏರಿದಾಗ ನಮ್ಮ ಮಂತ್ರಿಗಳ ಪಾಡು ನೆನಪಿಸಿಕೊಳ್ಳಿ.

2020ರಲ್ಲಿ ಜಗಳ ಚೀನಾ ಜತೆಗೆ. ಸಿಚುವಾನ್ ಕಡೆಯ ಪಾವ್ ಸಾಯ್ ಎಂಬ ಉಪ್ಪಿನ ತರಕಾರಿಗೆ ಅಂತರರಾಷ್ಟ್ರೀಯ ಮಾನದಂಡ ಸಿಕ್ಕಿತು. ಅದು ಕಿಮ್ಚಿಗೆ ಅನ್ವಯಿಸುವುದಿಲ್ಲ ಅಂತ ಆ ದಾಖಲೆಯಲ್ಲೇ ಬರೆದಿತ್ತು. ಆದರೂ ಚೀನಾದ ಒಂದು ಪತ್ರಿಕೆ ಎದೆ ತಟ್ಟಿಕೊಂಡಿತು, ಕೊರಿಯಾದವರು ಕೆಂಡವಾದರು. ಕಿಮ್ಚಿಗೆ ಆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಕೊರಿಯಾಕ್ಕೆ ಬಂದದ್ದೇ ನಾನೂರು ಚಿಲ್ಲರೆ ವರ್ಷಗಳ ಕೆಳಗೆ. ಇದನ್ನು ಆ ಜಗಳದ ನಡುವೆ ಹೇಳಿದ್ದರೆ ಎರಡೂ ಕಡೆಯಿಂದ ಏಟು ಬೀಳುತ್ತಿತ್ತು.

ಉಕ್ರೇನಿನ ಬೋರ್ಷ್ ಬೀಟ್‌ರೂಟ್ ಸಾರು. 2019ರಲ್ಲಿ ರಷ್ಯಾದ ವಿದೇಶಾಂಗ ಇಲಾಖೆ ಅದನ್ನು ರಷ್ಯಾದ ಹೆಸರಾಂತ ಅಡುಗೆ ಅಂತ ಟ್ವೀಟ್ ಮಾಡಿತು. 2022ರ ಜುಲೈನಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಯುನೆಸ್ಕೊ ಉಕ್ರೇನಿನ ಬೋರ್ಷ್ ಸಂಸ್ಕೃತಿಯನ್ನು ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಬೀಟ್‌ರೂಟ್ ಸಾರು ಪೋಲೆಂಡಿನಲ್ಲೂ ಇದೆ, ರಷ್ಯಾದಲ್ಲೂ ಇದೆ. ಆದರೆ ಮನೆ ಮೇಲೆ ಬಾಂಬು ಬೀಳುತ್ತಿರುವವನ ಹತ್ತಿರ ಹೋಗಿ, ಸಾರು ಎಲ್ಲರದೂ ಕಣಪ್ಪಾ ಅನ್ನುವುದು ನನ್ನಿಂದಾಗದು.

ಇನ್ನು ಬ್ರಿಟನ್. ಅಲ್ಲಿನ ವಿದೇಶಾಂಗ ಕಾರ್ಯದರ್ಶಿ ರಾಬಿನ್ ಕುಕ್ 2001ರಲ್ಲಿ, ಚಿಕನ್ ಟಿಕ್ಕಾ ಮಸಾಲ ನಿಜವಾದ ಬ್ರಿಟಿಷ್ ರಾಷ್ಟ್ರೀಯ ಖಾದ್ಯ ಅಂದುಬಿಟ್ಟರು. ‘ಇಂಡಿಯನ್’ ಅಂತ ಬೋರ್ಡ್ ಹಾಕಿದ ಆ ಹೋಟೆಲುಗಳನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅಡುಗೆ ಯಾರದು, ಹೆಸರು ಯಾರದು, ಬಿಲ್ಲು ಯಾರದು, ನೀವೇ ಲೆಕ್ಕ ಹಾಕಿಕೊಳ್ಳಿ.

ನಮ್ಮ ಕಡೆ ಬರೋಣ. ಹೊರದೇಶದಲ್ಲಿ ಭಾರತದ ಊಟ ಅಂದರೆ ಬಟರ್ ಚಿಕನ್, ನಾನ್. ಅದು ದೇಶ ಒಡೆದಾಗ ಪೇಶಾವರದಿಂದ ಎದ್ದು ಬಂದವರು ದೆಹಲಿಯಲ್ಲಿ ಹೊಟ್ಟೆಪಾಡಿಗೆ ಕಟ್ಟಿದ ಹೋಟೆಲುಗಳ ಕೊಡುಗೆ. ಅದನ್ನು ಮೊದಲು ಮಾಡಿದವರು ಯಾರು ಅನ್ನುವ ಜಗಳ 2024ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದೆ. ಮಸಾಲೆ ದೋಸೆಯನ್ನು ದೇಶದ ಊರೂರಿಗೆ ಮುಟ್ಟಿಸಿದವರು ಉಡುಪಿ ಹೋಟೆಲಿನವರು. ಯಾವ ಸರ್ಕಾರವೂ ಅವರಿಗೆ ಹೋಗಿ ಮಾರಿ ಅಂತ ಹೇಳಿರಲಿಲ್ಲ.

ಆದರೂ ಇವುಗಳಲ್ಲಿ ಒಂದನ್ನೂ ನಾವು ರಾಷ್ಟ್ರದ್ದು ಅನ್ನಲಿಲ್ಲ. ಯಾಕೆ? ನಮ್ಮಲ್ಲಿ ಏನು ತಿನ್ನುತ್ತೀ ಅನ್ನುವುದಕ್ಕಿಂತ ಮೊದಲು ಬರುತ್ತಿದ್ದ ಪ್ರಶ್ನೆಗಳು ಬೇರೆ. ಯಾರು ಬೇಯಿಸಿದ್ದು? ಯಾರ ಪಂಕ್ತಿಯಲ್ಲಿ ಕೂತೆ? ಒಂದೇ ಹುಳಿ, ಒಂದೇ ಅನ್ನ, ಆದರೂ ಒಂದೇ ಸಾಲಲ್ಲಿ ಎಲೆ ಹಾಕುತ್ತಿರಲಿಲ್ಲ. ಸಹಪಂಕ್ತಿ ಭೋಜನ ಅನ್ನುವುದೇ ಒಂದು ಸುಧಾರಣೆಯ ಕಾರ್ಯಕ್ರಮ ಆಗಬೇಕಾದ ನಾಡು ಇದು. ಇಂಥಲ್ಲಿ ಯಾವ ಅಡುಗೆ ಆರಿಸಿದರೂ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರ ಮೇಲೆ ಹೇರಿದ ಹಾಗೆ ಆಗುತ್ತದೆ.

ಇದನ್ನು ಚೆನ್ನಾಗಿ ಬಲ್ಲವರು ಒಬ್ಬರಿದ್ದರು. ಗಾಂಧಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟಾಗ ಹಿಡಿದದ್ದು ಅಡುಗೆಯನ್ನಲ್ಲ, ಉಪ್ಪನ್ನು. ಕಾಂಗ್ರೆಸ್ಸಿನ ಕೆಲವು ಹಿರಿಯರಿಗೇ ಇದು ಹುಡುಗಾಟ ಅನ್ನಿಸಿತ್ತು. ಆದರೆ ಯೋಚನೆ ಮಾಡಿ. ಮಾಂಸದ ಸಾರಿಗೂ ಉಪ್ಪು ಬೇಕು, ತೊವ್ವೆಗೂ ಬೇಕು, ಗಂಜಿಗೂ ಬೇಕು. ಉಪ್ಪು ನಮ್ಮದಲ್ಲ ಅನ್ನುವ ಜಾತಿ ಇಲ್ಲ, ಧರ್ಮ ಇಲ್ಲ. ಬಡವನಿಗೆ ಆ ತೆರಿಗೆ ಜಾಸ್ತಿ ಚುಚ್ಚುತ್ತಿತ್ತು. ಏಪ್ರಿಲ್ 6ಕ್ಕೆ ದಂಡಿಯಲ್ಲಿ ಕಾನೂನು ಮುರಿದರು. ಒಂದು ವಾರಕ್ಕೆ, ಏಪ್ರಿಲ್ 13ರಂದು, ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಕಡಲ ತೀರಕ್ಕೆ ಇಳಿದು ಉಪ್ಪು ತಯಾರಿಸಿದರು. ಅಡುಗೆಯ ಮೂಲಕ ದೇಶ ಕಟ್ಟಿದ ನಮ್ಮ ಪ್ರಯತ್ನ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ತಟ್ಟೆಯ ತುದಿಯಲ್ಲಿ ಬಡಿಸುವ ವಸ್ತು ಅದು, ಅದಕ್ಕೇ ಎಲ್ಲರ ತಟ್ಟೆಗೂ ಹೋಯಿತು.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಈಗ ಪ್ರಶ್ನೆಗಳು.

ಪ್ರಶ್ನೆ (ಒಬ್ಬ ಕಾಲೇಜು ವಿದ್ಯಾರ್ಥಿನಿ): ಯುನೆಸ್ಕೊ ಪಟ್ಟಿಗೆ ಸೇರಿದರೆ ಆ ಅಡುಗೆ ಆ ದೇಶದ ಸ್ವತ್ತು ಅಂತ ಆಗುತ್ತಾ ಸರ್?

ಇಲ್ಲಮ್ಮ. ಆ ಪಟ್ಟಿ ಯಾರಿಗೂ ಹಕ್ಕುಪತ್ರ ಕೊಡುವುದಿಲ್ಲ. ಕಿಮ್ಚಿಯನ್ನೇ ನೋಡು. ದಕ್ಷಿಣ ಕೊರಿಯಾದ ಹೆಸರಲ್ಲಿ 2013ರಲ್ಲಿ ಸೇರಿದ್ದು ಕಿಮ್ಜಾಂಗ್, ಅಂದರೆ ಚಳಿಗಾಲಕ್ಕೆ ಮುಂಚೆ ಎಲ್ಲರೂ ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಪದ್ಧತಿ. 2015ರಲ್ಲಿ ಉತ್ತರ ಕೊರಿಯಾದ ಪದ್ಧತಿಯೂ ಸೇರಿತು. ಗಡಿಯಲ್ಲಿ ಬಂದೂಕು ಹಿಡಿದು ನಿಂತಿರುವ ಎರಡು ದೇಶಗಳು ಆ ಪಟ್ಟಿಯಲ್ಲಿ ಮಾತ್ರ ಜತೆಗಿವೆ. ಆದರೆ ಪತ್ರಿಕೆಯವರು, ರಾಜಕಾರಣಿಗಳು ಅದನ್ನು ಪಹಣಿ ಅಂತಲೇ ಓದುತ್ತಾರೆ.

ಪ್ರಶ್ನೆ (ನಿವೃತ್ತ ಮೇಷ್ಟ್ರೊಬ್ಬರು): ಹೈಟಿಯವರ ಸಾರಿನ ಹಾಗೆ ನಮ್ಮ ಸ್ವಾತಂತ್ರ್ಯದ ದಿನಕ್ಕೆ ಅಂತ ಒಂದು ತಿನಿಸು ಇಲ್ಲವಲ್ಲ. ನಿಮಗೆ ಇದು ಕೊರತೆ ಅನ್ನಿಸುವುದಿಲ್ಲವೇ?

ಇದೆ ಮೇಷ್ಟ್ರೇ. ನೀವೇ ಎಷ್ಟೋ ವರ್ಷ ನಿಂತು ಹಂಚಿಸಿರುತ್ತೀರಿ. ಆಗಸ್ಟ್ 15ಕ್ಕೆ ಬಾವುಟ ಹಾರಿಸಿದ ಮೇಲೆ ಶಾಲೆಯಲ್ಲಿ ಕೊಡುವ ಬೂಂದಿ ಲಾಡು. ಅದಕ್ಕೆ ಸಾವಿರ ವರ್ಷದ ಇತಿಹಾಸ ಕಟ್ಟಲು ಯಾರೂ ಹೋಗಿಲ್ಲ. ಒಂದೇ ಡಬ್ಬಿಯಿಂದ ಎಲ್ಲ ಮಕ್ಕಳ ಕೈಗೂ ಬೀಳುತ್ತದೆ, ಮಾಡಿದವರು ಯಾರು ಅಂತ ಯಾವ ಮಗುವೂ ಕೇಳುವುದಿಲ್ಲ. ನನ್ನ ಓಟು ಅದಕ್ಕೇ.

(‘ನಮ್ಮ ಶಾಲೆಯಲ್ಲಿ ಲಾಡು ಎಲ್ಲಿ ಸರ್, ಬರೀ ಎರಡು ಪೆಪ್ಪರಮೆಂಟು’ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ‘ನಮ್ಮಲ್ಲಿ ಮಂಡಕ್ಕಿ ಕೊಡುತ್ತಿದ್ದರು’ ಅಂತ ಇನ್ನೊಬ್ಬರು ಎದ್ದರು. ಅಷ್ಟರಲ್ಲಿ ವಂದನಾರ್ಪಣೆಯವರು ಮೈಕು ಇಸಿದುಕೊಂಡರು.)